“ಹಾಲುಹಲ್ಲು ತಾನೇ, ಹೇಗೂ ಬೀಳುತ್ತೆ ಬಿಡಿ”: ಮಕ್ಕಳ ಹಲ್ಲಿನ ಬಗ್ಗೆ ಓಡಾಡುವ ಮಾತುಗಳಲ್ಲಿ ನಿಜವೆಷ್ಟು?

ಮೂರು ವರ್ಷದ ಮಗುವಿನ ಮೇಲ್ಸಾಲಿನ ಮುಂದಿನ ಹಲ್ಲಿನಲ್ಲಿ ಒಂದು ಕಂದು ಕಲೆ. ಅಮ್ಮನಿಗೆ ಗಾಬರಿ. ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ: “ಹಾಲುಹಲ್ಲು ತಾನೇ, ಹೇಗೂ ಬೀಳುತ್ತೆ ಬಿಡು.” ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫಾರ್ವರ್ಡ್: ಪೇಸ್ಟಿನಲ್ಲಿರುವ ಫ್ಲೋರೈಡ್ ವಿಷ, ಮಕ್ಕಳಿಗೆ ಮುಟ್ಟಿಸಲೇಬೇಡಿ. ಅದರ ಬೆನ್ನಿಗೇ ಇನ್ನೊಂದು: ಟ್ಯೂಬಿನ ತುದಿಯಲ್ಲಿ ಕಪ್ಪು ಪಟ್ಟಿ ಇದ್ದರೆ ಪೂರ್ತಿ ಕೆಮಿಕಲ್, ಹಸಿರು ಇದ್ದರೆ ಮಾತ್ರ ಕೊಳ್ಳಿ. ಆಮೇಲೆ ಒಂದು ವಿಡಿಯೋ: ಹೊಗೆ ಹಿಡಿಸಿ ಹಲ್ಲಿನಿಂದ ಹುಳ ತೆಗೆಯುವುದು.

ನಾಲ್ಕು ಬಾಯಿಂದ ಬಂದ ನಾಲ್ಕು ಮಾತು. ಆದರೆ ಪರಿಣಾಮ ಒಂದೇ. ಆ ರಾತ್ರಿಯೂ ಮಗು ಹಲ್ಲುಜ್ಜದೆ ಮಲಗುತ್ತದೆ.

ಈ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ನೋಡೋಣ. ನಾವಿಲ್ಲಿ ಶಿವಮೊಗ್ಗ ನಗರ ಮತ್ತು ಭದ್ರಾವತಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಅದಕ್ಕೆ ಕಾರಣ ಇದೆ. ಫ್ಲೋರೈಡ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಉತ್ತರ ನೀವು ಕುಡಿಯುವ ನೀರಿನ ಮೇಲೂ ನಿಂತಿದೆ. ಈ ಎರಡು ಊರುಗಳ ನೀರಿಗೂ ಪಕ್ಕದ ಬಯಲುಸೀಮೆಯ ನೀರಿಗೂ ವ್ಯತ್ಯಾಸ ಇದೆ. ಆದರೆ ಮೊಬೈಲಿನಲ್ಲಿ ಬರುವ ಮೆಸೇಜಿಗೆ ಆ ವ್ಯತ್ಯಾಸ ಗೊತ್ತಿರುವುದಿಲ್ಲ.

ಇದು ಎಷ್ಟು ಮಕ್ಕಳ ಸಮಸ್ಯೆ?

ಭಾರತೀಯ ದಂತ ವೈದ್ಯಕೀಯ ಪರಿಷತ್ತು 2002-03ರಲ್ಲಿ ರಾಷ್ಟ್ರಮಟ್ಟದ ಸಮೀಕ್ಷೆ ನಡೆಸಿತ್ತು. 5 ವರ್ಷದ ಮಕ್ಕಳಲ್ಲಿ ಶೇ. 51.9ರಷ್ಟು ಮಂದಿಗೆ ಹುಳುಕು ಹಲ್ಲು ಇತ್ತು. ಅಂದರೆ ಅಂಗನವಾಡಿಯಲ್ಲಿ ಚಾಪೆಯ ಮೇಲೆ 20 ಮಕ್ಕಳು ಕುಳಿತಿದ್ದರೆ ಸುಮಾರು 10 ಮಕ್ಕಳ ಬಾಯಲ್ಲಿ ತೂತು ಬಿದ್ದ ಹಲ್ಲು. ಜಗತ್ತಿನಾದ್ಯಂತ 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲು ಹುಳುಕಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಲೆಕ್ಕ ಕೊಟ್ಟಿದೆ.

ಇಷ್ಟು ಸಾಮಾನ್ಯವಾದ ಕಾಯಿಲೆಯನ್ನು ನಾವು ಕಾಯಿಲೆ ಎಂದೇ ಎಣಿಸುವುದಿಲ್ಲ. ಅದಕ್ಕೆ ಮೊದಲ ಕಾರಣ “ಹೇಗೂ ಬೀಳುತ್ತೆ” ಎಂಬ ಆ ಮಾತು.

ಮಾತು 1: “ಹಾಲುಹಲ್ಲು ಹೇಗೂ ಬೀಳುತ್ತೆ”

ಬೀಳುವುದು ನಿಜ. ಯಾವಾಗ ಬೀಳುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮಗುವಿಗೆ ಒಟ್ಟು 20 ಹಾಲುಹಲ್ಲು. ಮೊದಲನೆಯದು ಸುಮಾರು 6 ತಿಂಗಳಿಗೆ ಕಾಣಿಸಿಕೊಳ್ಳುತ್ತದೆ; ಎರಡೂವರೆ, ಮೂರು ವರ್ಷದ ಹೊತ್ತಿಗೆ ಎಲ್ಲವೂ ಬಂದಿರುತ್ತವೆ. ಮುಂದಿನ ಹಲ್ಲುಗಳು 6–7ನೇ ವರ್ಷಕ್ಕೆ ಬೀಳುತ್ತವೆ. ಆದರೆ ಹಿಂದಿನ ದವಡೆಯ ಹಾಲುಹಲ್ಲುಗಳು ಬೀಳುವುದು 10ರಿಂದ 12ನೇ ವರ್ಷದ ನಡುವೆ. ಮೂರನೇ ವರ್ಷಕ್ಕೇ ದವಡೆಹಲ್ಲು ಹುಳುಕಾದರೆ ಮಗು ಅದರಲ್ಲೇ ಇನ್ನೂ 7–8 ವರ್ಷ ಅಗಿಯಬೇಕು. ಒಂದನೇ ತರಗತಿಯಿಂದ ಆರನೇ ತರಗತಿಯವರೆಗಿನ ಊಟವೆಲ್ಲ ಆ ಹಲ್ಲಿನ ಮೇಲೆಯೇ.

ಹಾಲುಹಲ್ಲಿನ ಹೊರಗಿನ ಗಟ್ಟಿ ಪದರ, ಅಂದರೆ ಎನಾಮೆಲ್, ದೊಡ್ಡವರ ಹಲ್ಲಿನದಕ್ಕಿಂತ ತೆಳು. ಹಾಗಾಗಿ ತೂತು ಬೇಗ ಒಳಗಿನ ನರಕ್ಕೆ ತಲುಪುತ್ತದೆ. ಆಗ ರಾತ್ರಿ ನೋವು. ಮಗು ಒಂದೇ ಕಡೆ ಅಗಿಯುತ್ತದೆ, ಗಟ್ಟಿ ತಿಂಡಿ ಬೇಡ ಎನ್ನುತ್ತದೆ, ತೂಕ ಇಳಿಯುತ್ತದೆ, ಶಾಲೆಯಲ್ಲಿ ತೂಕಡಿಸುತ್ತದೆ. “ಊಟ ಮಾಡಲ್ಲ, ಹಟ ಜಾಸ್ತಿ” ಎಂದು ನಾವು ಗದರುತ್ತೇವೆ. ನೋಯುತ್ತಿರುವುದು ಹಲ್ಲು ಎಂದು ಹೇಳಲು ಆ ವಯಸ್ಸಿನ ಮಗುವಿಗೆ ಎಷ್ಟೋ ಸಲ ಬರುವುದೇ ಇಲ್ಲ.

ಇನ್ನೊಂದು ವಿಷಯ. ಹಾಲುಹಲ್ಲು ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಹಿಡಿದಿಟ್ಟಿರುತ್ತದೆ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿಟ್ಟ ಹಾಗೆ. ಟವೆಲ್ ಬೇಗ ಹೋದರೆ ಪಕ್ಕದವರು ಸರಿದು ಕೂರುತ್ತಾರೆ. ಆಮೇಲೆ ಬಂದ ಹಲ್ಲು ಸೊಟ್ಟಗೆ ಮೂಡಬೇಕಾಗುತ್ತದೆ. ಹಾಲುಹಲ್ಲಿನ ಬೇರಿನಲ್ಲಿ ಕೀವು ತುಂಬಿದರೆ ಕೆಳಗಿನ ಶಾಶ್ವತ ಹಲ್ಲಿನ ಮೇಲೂ ಕಲೆ ಬೀಳಬಹುದು.

ಎಲ್ಲಕ್ಕಿಂತ ಮುಖ್ಯವಾದ ಮೋಸ ನಡೆಯುವುದು 6ನೇ ವರ್ಷದಲ್ಲಿ. ಆಗ ಕೊನೆಯ ಹಾಲುಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದು ದೊಡ್ಡ ದವಡೆಹಲ್ಲು ಹುಟ್ಟುತ್ತದೆ. ಅದು ಹಾಲುಹಲ್ಲಲ್ಲ, ಜೀವನಪೂರ್ತಿ ಇರಬೇಕಾದ ಹಲ್ಲು. ಹಲ್ಲು ಬೀಳದ ಕಾರಣ ಹೆತ್ತವರು ಇದನ್ನೂ ಹಾಲುಹಲ್ಲು ಎಂದೇ ತಿಳಿಯುತ್ತಾರೆ. ಬಾಯಿಯ ತುದಿಯಲ್ಲಿರುವುದರಿಂದ ಮಗುವಿನ ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ. “ಬೀಳುತ್ತೆ ಬಿಡು” ಎಂದು ಕಾಯ್ದ ಮನೆಯಲ್ಲಿ ಬೀಳದ ಹಲ್ಲೇ ಹುಳುಕಾಗಿರುತ್ತದೆ.

ಮಾತು 2: “ಹಲ್ಲಿಗೆ ಹುಳ ಬಿದ್ದಿದೆ, ಹೊಗೆ ಹಾಕಿ ತೆಗೆಸಿ”

ನಮ್ಮ ಭಾಷೆಯಲ್ಲೇ ಹುಳ ಕುಳಿತಿದೆ. ಹುಳುಕು ಹಲ್ಲು ಎನ್ನುತ್ತೇವೆ. ಅಜ್ಜ ಅಜ್ಜಿಯರು ಕಣ್ಣಿಗೆ ಕಂಡದ್ದಕ್ಕೆ ಕೊಟ್ಟ ಹೆಸರು ಅದು. ಮರಕ್ಕೆ ಹುಳ ಕೊರೆದ ಹಾಗೆ ಹಲ್ಲಿನಲ್ಲಿ ತೂತು. ಆದರೆ ಹಲ್ಲಿನೊಳಗೆ ಹುಳ ಇರುವುದಿಲ್ಲ. ಹೊಗೆ ಹಿಡಿಸಿ ಬಟ್ಟಲಿನ ನೀರಿನಲ್ಲಿ ತೋರಿಸುವ ಬಿಳಿ ಎಳೆಗಳು ಕೈಚಳಕ, ಇಲ್ಲವೇ ಹೊಗೆಗೆ ಬಳಸಿದ ಬೀಜದ ಒಳಗಿನ ಎಳೆಗಳು.

ಹಾಗಾದರೆ ತೂತು ಕೊರೆಯುವವರು ಯಾರು? ಬಾಯಲ್ಲಿರುವ ಬ್ಯಾಕ್ಟೀರಿಯಾ. ಅವು ಹಲ್ಲಿನ ಮೇಲೆ ಅಂಟಂಟಾದ ಒಂದು ತೆಳು ಪದರವಾಗಿ ಕೂರುತ್ತವೆ. ನಾವು ಸಿಹಿ ತಿಂದರೆ ಅವೂ ತಿನ್ನುತ್ತವೆ. ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಎನಾಮೆಲ್‌ನ ಖನಿಜವನ್ನು ಕರಗಿಸುತ್ತದೆ. ಅಮೆರಿಕದ ದಂತವಿಜ್ಞಾನಿ ಡಬ್ಲ್ಯು. ಡಿ. ಮಿಲ್ಲರ್ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತ 1890ರಲ್ಲೇ ಇದನ್ನು ಪುಸ್ತಕವಾಗಿ ಬರೆದಿದ್ದರು.

ಈ ಬ್ಯಾಕ್ಟೀರಿಯಾಗಳ ಜೊತೆಗೆ ಹುಟ್ಟುವ ಮಗು ಇಲ್ಲ. ಹೆಚ್ಚಾಗಿ ಅವು ಬರುವುದು ಮನೆಯ ದೊಡ್ಡವರ ಎಂಜಲಿನಿಂದ. ನಿಮ್ಮ ಬಾಯಲ್ಲಿ ಹುಳುಕು ಹಲ್ಲುಗಳಿದ್ದು, ಅದೇ ಚಮಚದಲ್ಲಿ ರುಚಿ ನೋಡಿ ಮಗುವಿಗೆ ತಿನ್ನಿಸಿದರೆ ಬ್ಯಾಕ್ಟೀರಿಯಾ ದಾಟಿ ಹೋಗುತ್ತವೆ. ಹೀಗಾಗಿ ಬಸುರಿ, ಬಾಣಂತಿಯ ಹಲ್ಲಿನ ಚಿಕಿತ್ಸೆ ಮಗುವಿನ ಹಲ್ಲಿನ ಮೊದಲ ಆರೈಕೆಯೂ ಹೌದು.

ಮಾತು 3: “ಚಾಕಲೇಟ್ ಬಿಡಿಸಿದ್ದೇವೆ, ಬೆಲ್ಲ ಮಾತ್ರ ಕೊಡುತ್ತೇವೆ”

ಬೆಲ್ಲದಲ್ಲಿ ಸಕ್ಕರೆಗಿಂತ ಸ್ವಲ್ಪ ಹೆಚ್ಚು ಖನಿಜ ಇರಬಹುದು. ಆದರೆ ಅದರ ಬಹುಪಾಲು ಸಕ್ಕರೆಯೇ. ಬ್ಯಾಕ್ಟೀರಿಯಾಗೆ ಆಲೆಮನೆಯ ಸಿಹಿ, ಕಾರ್ಖಾನೆಯ ಸಿಹಿ ಎಂಬ ಭೇದ ಇಲ್ಲ. ಜೇನುತುಪ್ಪವೂ ಅಷ್ಟೇ. ಅಲ್ಲದೆ ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಕೊಡಲೇಬಾರದು. ಅದರಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಸಿಹಿ ಎಷ್ಟು ಎಂಬುದರಷ್ಟೇ ಮುಖ್ಯ, ದಿನಕ್ಕೆ ಎಷ್ಟು ಸಲ ಎಂಬುದು. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲೆ ಆಮ್ಲ ಏರುತ್ತದೆ. ಜೊಲ್ಲು ಅದನ್ನು ತೊಳೆದು ಮತ್ತೆ ಸರಿಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಎಂಬ ಸಂಶೋಧಕ ಇದನ್ನು ಅಳೆದು ತೋರಿಸಿದರು. ಹಬ್ಬದ ದಿನ ಊಟದ ಜೊತೆ ಎರಡು ಒಬ್ಬಟ್ಟು ತಿಂದರೆ ಹಲ್ಲಿಗೆ ಒಂದು ಪೆಟ್ಟು. ಬೆಳಿಗ್ಗೆ ಕಾಫಿಗೆ ಅದ್ದಿದ ಬಿಸ್ಕತ್ತು, ಹತ್ತಕ್ಕೆ ಲಾಲಿಪಾಪ್, ಮಧ್ಯಾಹ್ನ ಜ್ಯೂಸ್ ಪ್ಯಾಕೆಟ್, ಸಂಜೆ ಬನ್, ಮಲಗುವಾಗ ಸಕ್ಕರೆ ಹಾಲು ಎಂದಾದರೆ ಐದು ಪೆಟ್ಟು. ಜೊಲ್ಲಿಗೆ ರಿಪೇರಿ ಮಾಡಲು ಬಿಡುವೇ ಇಲ್ಲ.

ಇವುಗಳಲ್ಲಿ ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ. ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗಿದ ಮಗುವಿನ ಮೇಲಿನ ಮುಂದಿನ ಹಲ್ಲುಗಳು ರಾತ್ರಿಯಿಡೀ ಸಿಹಿಯಲ್ಲಿ ನೆನೆಯುತ್ತವೆ. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುವುದರಿಂದ ಅವು ಹೆಚ್ಚಾಗಿ ಉಳಿಯುತ್ತವೆ. ಮೇಲಿನ ನಾಲ್ಕು ಕಪ್ಪು, ಕೆಳಗಿನ ನಾಲ್ಕು ಬಿಳಿ ಎಂದರೆ ಕಾರಣ ಬಹುತೇಕ ಇದೇ. ಎದೆಹಾಲು ಬಿಡಿಸಿ ಎಂದು ಇದರ ಅರ್ಥವಲ್ಲ. ಎರಡು ವರ್ಷ ಮತ್ತು ಆಮೇಲೂ ಎದೆಹಾಲು ಕೊಡಬಹುದು ಎಂದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಲ್ಲು ಮೂಡಿದ ಮೇಲೆ ರಾತ್ರಿ ಒಮ್ಮೆ ಹಲ್ಲುಜ್ಜಿ ಮಲಗಿಸಿ, ಬಾಟಲಿಯಲ್ಲಿ ನೀರು ಬಿಟ್ಟು ಬೇರೇನೂ ಬೇಡ. ಇಷ್ಟೇ.

ಮಾತು 4: “ಫ್ಲೋರೈಡ್ ವಿಷ, ಮಕ್ಕಳ ಪೇಸ್ಟಿನಲ್ಲಿ ಇರಬಾರದು”

ಈ ಭಯವನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಕರ್ನಾಟಕದಲ್ಲಿ ಅದಕ್ಕೆ ನಿಜವಾದ ಬೇರು ಇದೆ. ಕೋಲಾರ, ತುಮಕೂರು, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಪಾವಗಡ, ಮುಂಡರಗಿ ಕಡೆ ಕಂದುಗಟ್ಟಿದ ಹಲ್ಲು, ಬಾಗಿದ ಮೂಳೆಗಳನ್ನು ಜನ ಕಣ್ಣಾರೆ ಕಂಡಿದ್ದಾರೆ. ಅದು ಫ್ಲೋರೋಸಿಸ್. ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಇಳಿದು, ಆ ನೀರನ್ನು ವರ್ಷಗಟ್ಟಲೆ ಕುಡಿದು ಬರುವ ಕಾಯಿಲೆ.

ಶಿವಮೊಗ್ಗ ನಗರದ ನಲ್ಲಿಗೆ ಬರುವುದು ತುಂಗೆ. ಭದ್ರಾವತಿಯದ್ದು ಭದ್ರೆ. “ಗಂಗಾ ಸ್ನಾನ, ತುಂಗಾ ಪಾನ” ಎಂದು ಹಿರಿಯರು ಹೊಗಳಿದ ನೀರು. ಘಟ್ಟದ ಮಳೆಯಿಂದ ತುಂಬುವ ಹೊಳೆ ನೀರಿನಲ್ಲಿ ಸಾಮಾನ್ಯವಾಗಿ ಆಳದ ಕೊಳವೆಬಾವಿ ನೀರಿಗಿಂತ ಫ್ಲೋರೈಡ್ ಬಹಳ ಕಡಿಮೆ. ಪಾವಗಡದ ಅನುಭವದಿಂದ ಹುಟ್ಟಿದ ಭಯ ಭದ್ರಾವತಿಯ ಮೊಬೈಲಿಗೆ ಬಂದಾಗ, ನೀರು ಬೇರೆ ಎಂಬುದು ಮರೆತುಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ಭಾರತದ ನಿಯಮದ ಪ್ರಕಾರ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. ಅಂದರೆ ಒಂದು ಗ್ರಾಂ ಪೇಸ್ಟಿಗೆ ಒಂದು ಮಿಲಿಗ್ರಾಂ. ಮೂರು ವರ್ಷದೊಳಗಿನ ಮಗುವಿಗೆ ವೈದ್ಯರು ಹೇಳುವುದು ಅಕ್ಕಿಕಾಳಿನಷ್ಟು ಪೇಸ್ಟ್, ಸುಮಾರು 0.1 ಗ್ರಾಂ. ಅದನ್ನು ಪೂರ್ತಿ ನುಂಗಿದರೂ ಹೊಟ್ಟೆಗೆ ಹೋಗುವುದು 0.1 ಮಿಲಿಗ್ರಾಂ ಫ್ಲೋರೈಡ್. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ. ಲೀಟರಿಗೆ 3 ಮಿಲಿಗ್ರಾಂ ಇರುವ ಕೊಳವೆಬಾವಿ ನೀರನ್ನು ಒಂದು ಲೀಟರ್ ಕುಡಿದರೆ ಅಕ್ಕಿಕಾಳಿನಷ್ಟು ಪೇಸ್ಟಿನ 30 ಪಟ್ಟು ಫ್ಲೋರೈಡ್ ಒಳಗೆ ಹೋಗುತ್ತದೆ. ಭಯಪಡಬೇಕಾದದ್ದು ಯಾವುದಕ್ಕೆ ಎಂಬುದು ಈ ಲೆಕ್ಕದಲ್ಲೇ ಇದೆ.

ಪೇಸ್ಟಿನ ಫ್ಲೋರೈಡ್ ಮಾಡುವ ಕೆಲಸವೇ ಬೇರೆ. ಅದು ಹಲ್ಲಿನ ಮೇಲ್ಮೈಯಲ್ಲಿ ನಿಂತು, ಆಮ್ಲ ಕರಗಿಸಿದ ಖನಿಜ ಜೊಲ್ಲಿನಿಂದ ಮತ್ತೆ ಹಲ್ಲಿಗೆ ಸೇರಲು ಸಹಾಯ ಮಾಡುತ್ತದೆ. ಹಾಗೆ ಸೇರಿದ ಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಹೀಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಟೂತ್‌ಪೇಸ್ಟನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಎಚ್ಚರಿಕೆ ಬೇಡವೇ? ಬೇಕು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ ಉದ್ದಕ್ಕೂ ಪೇಸ್ಟ್ ಹಾಕಬೇಡಿ. ಹಾಗೆ ಹಾಕಿದ್ದನ್ನು ಮಗು ದಿನಾ ನುಂಗಿದರೆ ಶಾಶ್ವತ ಹಲ್ಲಿನ ಮೇಲೆ ಬಿಳಿ ಮಚ್ಚೆ ಬರಬಹುದು. ಮೂರು ವರ್ಷದವರೆಗೆ ಅಕ್ಕಿಕಾಳು, ಮೂರರಿಂದ ಆರರವರೆಗೆ ಬಟಾಣಿ ಕಾಳು. ಟ್ಯೂಬ್ ಮಗುವಿನ ಕೈಗೆ ಸಿಗದ ಎತ್ತರದಲ್ಲಿರಲಿ. ನಿಮ್ಮ ಬಡಾವಣೆಗೆ ಹೊಳೆ ನೀರು ಬರದೆ ಕೊಳವೆಬಾವಿ ನೀರನ್ನೇ ಕುಡಿಯುತ್ತಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಮಾತು 5: “ಟ್ಯೂಬಿನ ಬಣ್ಣದ ಪಟ್ಟಿ ನೋಡಿ ಕೊಳ್ಳಿ”

ಹಸಿರು ಎಂದರೆ ನೈಸರ್ಗಿಕ, ನೀಲಿ ಎಂದರೆ ಔಷಧಿ, ಕೆಂಪು ಎಂದರೆ ಅರ್ಧ ಕೆಮಿಕಲ್, ಕಪ್ಪು ಎಂದರೆ ಪೂರ್ತಿ ಕೆಮಿಕಲ್. ಈ ಫಾರ್ವರ್ಡ್ ವರ್ಷಗಳಿಂದ ಸುತ್ತುತ್ತಿದೆ, ಇದರಲ್ಲಿ ಹುರುಳಿಲ್ಲ. ಆ ಪಟ್ಟಿ ಇರುವುದು ಕಾರ್ಖಾನೆಯ ಯಂತ್ರಕ್ಕಾಗಿ. ಓಡುವ ಟ್ಯೂಬನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಚಿ ಅಂಟಿಸಬೇಕು ಎಂಬುದನ್ನು ಯಂತ್ರದ ಸೆನ್ಸರ್ ಆ ಗುರುತು ನೋಡಿ ತಿಳಿಯುತ್ತದೆ. ಟ್ಯೂಬಿನ ಹಿನ್ನೆಲೆಗೆ ಎದ್ದು ಕಾಣುವ ಯಾವ ಬಣ್ಣವಾದರೂ ಆದೀತು.

ನೀವು ನೋಡಬೇಕಾದದ್ದು ಪಟ್ಟಿಯನ್ನಲ್ಲ, ಅಕ್ಷರವನ್ನು. ಫ್ಲೋರೈಡ್ ಇದ್ದರೆ ಅದು ಎಷ್ಟು ಪಿಪಿಎಂ ಎಂದು ಟ್ಯೂಬ್ ಮತ್ತು ಡಬ್ಬಿಯ ಮೇಲೆ ಮುದ್ರಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಆ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇವೆರಡು ನೋಡಿ ಸಾಕು.

ಮಾತು 6: “ನಮ್ಮಜ್ಜಿ ಇದ್ದಿಲಲ್ಲೇ ಉಜ್ಜುತ್ತಿದ್ದರು, ಎಂಬತ್ತಕ್ಕೂ ಹಲ್ಲು ಗಟ್ಟಿ”

ಹಲ್ಲು ಗಟ್ಟಿಯಿದ್ದ ಅಜ್ಜಿಯನ್ನು ನಾವು ನೆನಪಿಡುತ್ತೇವೆ. ಆದರೆ ಮಲೆನಾಡಿನ ಹಳೆಯ ಮನೆಗಳಲ್ಲಿ ಒಂದು ಪುಟ್ಟ ಕುಟ್ಟಾಣಿ ಇರುತ್ತಿತ್ತಲ್ಲ, ಎಲೆ ಅಡಿಕೆ ಕುಟ್ಟಿ ಪುಡಿ ಮಾಡಲು, ಅದು ಯಾರಿಗಾಗಿ ಇತ್ತು? ಬೊಚ್ಚು ಬಾಯಿಯ ಅಜ್ಜ ಅಜ್ಜಿಯರಿಗಾಗಿ. ಹಲ್ಲು ಉಳಿಯದವರು ಅಷ್ಟು ಮಂದಿ ಇದ್ದರು ಎಂಬುದಕ್ಕೆ ಆ ಕುಟ್ಟಾಣಿಯೇ ಸಾಕ್ಷಿ. ಉಳಿದ ಹಲ್ಲುಗಳಿಗೂ ಇದ್ದಿಲಿಗಿಂತ ದೊಡ್ಡ ಕಾರಣ ಇತ್ತು: ಅವರ ಬಾಲ್ಯದಲ್ಲಿ ಸಿಹಿ ಎಂದರೆ ಹಬ್ಬಕ್ಕೆ ಮಾತ್ರ. ಐದು ರೂಪಾಯಿ ಬಿಸ್ಕತ್ತು ಪೊಟ್ಟಣ ಪ್ರತಿ ಅಂಗಡಿಯ ಬಾಗಿಲಲ್ಲಿ ನೇತಾಡುತ್ತಿರಲಿಲ್ಲ.

ಇದ್ದಿಲು, ಇಟ್ಟಿಗೆ ಪುಡಿ, ಉಪ್ಪಿನ ಹರಳು ಮೊದಲಾದವು ಗರಗಸದಂತೆ ಎನಾಮೆಲನ್ನು ಸವೆಸುತ್ತವೆ. ಬೇವಿನ ಕಡ್ಡಿ ದೊಡ್ಡವರ ಕೈಯಲ್ಲಿ ಹಲ್ಲು ಸ್ವಚ್ಛ ಮಾಡಬಲ್ಲದು, ಮೂರು ವರ್ಷದ ಮಗುವಿನ ದವಡೆಗೆ ಅದು ಹೋಗುವುದಿಲ್ಲ. ತಂಬಾಕು ಬೆರೆಸಿದ ಹಲ್ಲುಪುಡಿಯಂತೂ ಬೇಡವೇ ಬೇಡ. ಟೂತ್‌ಪೇಸ್ಟ್, ಹಲ್ಲುಪುಡಿಗಳಲ್ಲಿ ತಂಬಾಕು ಬಳಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಮಾತು 7: “ಹಲ್ಲು ಬರುವಾಗ ಜ್ವರ, ಭೇದಿ ಸಹಜ”

ಹಲ್ಲು ಮೂಡುವಾಗ ಜೊಲ್ಲು ಸುರಿಯುವುದು, ವಸಡು ಊದುವುದು, ಸಿಕ್ಕಿದ್ದನ್ನೆಲ್ಲ ಕಚ್ಚುವುದು, ಸ್ವಲ್ಪ ಕಿರಿಕಿರಿ ಸಹಜ. ಜೋರು ಜ್ವರ, ಪದೇ ಪದೇ ಭೇದಿ ಸಹಜವಲ್ಲ. ಆ ವಯಸ್ಸಿನಲ್ಲಿ ಮಗು ತೆವಳುತ್ತ ನೆಲದ ಮೇಲಿನದ್ದೆಲ್ಲ ಬಾಯಿಗೆ ಹಾಕುತ್ತದೆ, ಸೋಂಕು ತಗಲುತ್ತದೆ. “ಹಲ್ಲಿನ ಜ್ವರ” ಎಂದು ಕಾದರೆ ನಿಜವಾದ ಕಾಯಿಲೆಗೆ ಚಿಕಿತ್ಸೆ ತಡವಾಗುತ್ತದೆ. ಹಾಗೆಯೇ, ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ಮಾತಿಗೂ ಆಧಾರವಿಲ್ಲ.

ಹಾಗಾದರೆ ಮಗುವಿಗೆ ಹಲ್ಲುಜ್ಜಲು ಕಲಿಸುವುದು ಹೇಗೆ?

ಇಲ್ಲಿಯೇ ನಾವೆಲ್ಲ ಎಡವುವುದು. ಬಣ್ಣದ ಬ್ರಷ್ ತಂದು ಕೈಗೆ ಕೊಟ್ಟು “ಹೋಗು, ಉಜ್ಜಿಕೊಂಡು ಬಾ” ಎನ್ನುತ್ತೇವೆ. ಮಗು ಪೇಸ್ಟ್ ಚೀಪಿ, ಬ್ರಷ್ ಕಚ್ಚಿ, ನೀರಾಡಿ ಬರುತ್ತದೆ. 7–8 ವರ್ಷದವರೆಗೆ ಮಗುವಿನ ಬೆರಳುಗಳಿಗೆ ಹಿಂದಿನ ಹಲ್ಲನ್ನು ಸರಿಯಾಗಿ ಉಜ್ಜುವ ಹಿಡಿತ ಬಂದಿರುವುದಿಲ್ಲ. ಅಂಗಿಯ ಗುಂಡಿ ತಾನೇ ಸಲೀಸಾಗಿ ಹಾಕಿಕೊಂಡು, ಅಕ್ಷರ ಗೆರೆ ಮೀರದೆ ಬರೆಯುವವರೆಗೆ ಹಲ್ಲುಜ್ಜುವುದು ದೊಡ್ಡವರ ಕೆಲಸ. ಮಗು ಕಲಿಯುವುದು ನಿಮ್ಮ ಕೈಯ ಅಭ್ಯಾಸದಿಂದ.

ಮೊದಲ ಹಲ್ಲು ಕಂಡ ದಿನದಿಂದಲೇ ಶುರು ಮಾಡಿ. ಪುಟ್ಟ ತಲೆಯ, ಮೃದು ಎಳೆಗಳ ಬ್ರಷ್ ಸಾಕು. ನೀವು ನೆಲದ ಮೇಲೆ ಕುಳಿತು ಮಗುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಕೂಸಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸುವಾಗ ಕಾಲ ಮೇಲೆ ಮಲಗಿಸಿಕೊಳ್ಳುವುದು ನಮಗೆ ಹೊಸದಲ್ಲ. ಹೀಗೆ ಮಲಗಿಸಿದರೆ ಬಾಯಿ ಪೂರ್ತಿ ಕಾಣುತ್ತದೆ, ತಲೆ ಅಲುಗುವುದಿಲ್ಲ. ಒಂದು ಬೆರಳಿನಿಂದ ತುಟಿ ಎತ್ತಿ, ವಸಡು ಮತ್ತು ಹಲ್ಲು ಸೇರುವ ಗೆರೆಯ ಮೇಲೆ ಸಣ್ಣ ಸಣ್ಣ ಸುತ್ತು ಹಾಕಿ. ಹೊರಗೆ, ಒಳಗೆ, ಅಗಿಯುವ ಮೇಲ್ಭಾಗ ಎಂದು ದಿನಾ ಒಂದೇ ಕ್ರಮ. ಎರಡು ನಿಮಿಷ.

ಎರಡು ವರ್ಷ ದಾಟಿದ ಮಗು “ನಾನೇ” ಎನ್ನುತ್ತದೆ. ಬೇಡ ಎನ್ನಬೇಡಿ. ಮೊದಲು ಅದರ ಸರದಿ, ಆಮೇಲೆ ನಿಮ್ಮ ಸರದಿ. ನಿಮ್ಮ ಬ್ರಷ್ ಹಿಡಿದು ನೀವೂ ಪಕ್ಕದಲ್ಲಿ ನಿಂತು ಉಜ್ಜಿ. ಮಕ್ಕಳು ಹೇಳಿದ್ದನ್ನಲ್ಲ, ಕಂಡದ್ದನ್ನು ಮಾಡುತ್ತಾರೆ. “ಉಜ್ಜದಿದ್ದರೆ ಡಾಕ್ಟರ್ ಹತ್ತಿರ ಇಂಜೆಕ್ಷನ್ ಹಾಕಿಸ್ತೀನಿ” ಎಂಬ ಬೆದರಿಕೆ ಮಾತ್ರ ಬೇಡ. ಮುಂದೆ ನಿಜವಾಗಿ ಹಲ್ಲು ನೋವು ಬಂದ ದಿನ ಆ ಮಗು ದಂತವೈದ್ಯರ ಕುರ್ಚಿ ಹತ್ತುವುದಿಲ್ಲ.

ಬೆಳಿಗ್ಗೆ ಸಮಯವೆಲ್ಲಿ ಎಂದು ಕೇಳಬಹುದು. ಎರಡೂ ಊರುಗಳ ನಡುವಿನ ಮಾಚೇನಹಳ್ಳಿಯ ಗಾರ್ಮೆಂಟ್ಸ್‌ಗೆ ಬಸ್ಸು ಹಿಡಿಯುವ ತಾಯಿಗೆ ಬೆಳಗಿನ ಎರಡು ನಿಮಿಷವೂ ದುಬಾರಿ, ನಿಜ. ದಿನಕ್ಕೆ ಎರಡು ಸಲ ಉಜ್ಜುವುದು ಸರಿಯಾದ ಕ್ರಮ. ಒಂದು ಸಲವಾದರೂ ಗಮನವಿಟ್ಟು ಮಾಡುವುದಾದರೆ ಅದು ರಾತ್ರಿ ಊಟ, ಹಾಲು ಎಲ್ಲ ಮುಗಿದ ಮೇಲಿನದ್ದಾಗಿರಲಿ. ಆಮೇಲೆ ನೀರು ಮಾತ್ರ. ಅಪ್ಪ, ಅಜ್ಜಿ, ದೊಡ್ಡಮ್ಮ, ಯಾರ ಕೈಯಾದರೂ ಸರಿ.

ಇನ್ನೊಂದು ಸಣ್ಣ ಬದಲಾವಣೆ: ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು. ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ತೊಳೆದುಹೋಗುತ್ತದೆ.

ಯಾವಾಗ, ಎಲ್ಲಿಗೆ ಹೋಗಬೇಕು?

ವಾರಕ್ಕೊಮ್ಮೆ ಮಗುವಿನ ಮೇಲ್ತುಟಿ ಎತ್ತಿ ಬೆಳಕಿನಲ್ಲಿ ನೋಡಿ. ವಸಡಿನ ಅಂಚಿನಲ್ಲಿ ಸೀಮೆಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹೆಜ್ಜೆ. ಈ ಹಂತದಲ್ಲಿ ಚೆನ್ನಾಗಿ ಉಜ್ಜಿ, ಸಿಹಿ ಕಡಿಮೆ ಮಾಡಿ, ವೈದ್ಯರಿಂದ ಫ್ಲೋರೈಡ್ ಹಚ್ಚಿಸಿದರೆ ಹಿಂದಕ್ಕೆ ತಿರುಗಿಸಬಹುದು. ಕಂದು ಬಣ್ಣ, ತೂತು ಆದ ಮೇಲೆ ಚಿಕಿತ್ಸೆಯೇ ಬೇಕು. ಕೊರೆಯದೆಯೇ ಹುಳುಕನ್ನು ತಡೆಯುವ ದ್ರವ ಔಷಧಿಯೂ ಈಗ ಇದೆ; ಹಚ್ಚಿದ ಜಾಗ ಕಪ್ಪಾಗುತ್ತದೆ, ಆದರೆ ಹುಳುಕು ನಿಲ್ಲುತ್ತದೆ. 6ನೇ ವರ್ಷದ ಆ ದವಡೆಹಲ್ಲಿನ ಗೀರುಗಳನ್ನು ಮುಚ್ಚುವ ಸೀಲೆಂಟ್ ಬಗ್ಗೆಯೂ ಕೇಳಿ.

ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಕಣ್ಣಿನವರೆಗೆ ಊತ ಏರಿದರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಹಲ್ಲಿನ ಸೋಂಕು ಜೀವಕ್ಕೇ ಅಪಾಯ ತರಬಲ್ಲದು.

ದುಡ್ಡಿನ ಚಿಂತೆ ಇದ್ದರೆ: ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆ ಸರ್ಕಾರದ್ದು. ನಗರದಲ್ಲೇ ಶರಾವತಿ ದಂತ ವೈದ್ಯಕೀಯ ಕಾಲೇಜು ಇದೆ. ದಂತ ಕಾಲೇಜುಗಳಲ್ಲಿ ಅಧ್ಯಾಪಕರ ಉಸ್ತುವಾರಿಯಲ್ಲಿ ನಡೆಯುವ ಚಿಕಿತ್ಸೆಗೆ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ. ಭದ್ರಾವತಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಆ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. ತಂಡ ಬಂದ ದಿನ ಮಗುವನ್ನು ತಪ್ಪಿಸಬೇಡಿ, “ಹಲ್ಲೂ ನೋಡಿ” ಎಂದು ಕೇಳಿ.

ಒಂದು ದೇಶ ಮಾಡಿ ತೋರಿಸಿದ್ದು

ಸ್ಕಾಟ್ಲೆಂಡಿನಲ್ಲಿ 2003ರಲ್ಲಿ ಒಂದನೇ ತರಗತಿಗೆ ಬಂದ ಮಕ್ಕಳಲ್ಲಿ ಕಣ್ಣಿಗೆ ಕಾಣುವ ಹುಳುಕು ಇಲ್ಲದವರು ಶೇ. 45 ಮಾತ್ರ. ಅಲ್ಲಿನ ಸರ್ಕಾರ ‘ಚೈಲ್ಡ್‌ಸ್ಮೈಲ್’ ಎಂಬ ಕಾರ್ಯಕ್ರಮದಲ್ಲಿ ಶಿಶುವಿಹಾರಗಳಲ್ಲಿ ಮಕ್ಕಳನ್ನು ಕೂರಿಸಿ, ಟೀಚರ್ ಎದುರಲ್ಲೇ ಫ್ಲೋರೈಡ್ ಪೇಸ್ಟಿನಿಂದ ದಿನಾ ಹಲ್ಲುಜ್ಜಿಸತೊಡಗಿತು. 2020ರ ಹೊತ್ತಿಗೆ ಹುಳುಕಿಲ್ಲದ ಮಕ್ಕಳು ಶೇ. 73ರ ಆಸುಪಾಸು. ಅಲ್ಲಿ ಬಳಸಿದ್ದು ದುಬಾರಿ ಯಂತ್ರವಲ್ಲ. ಒಂದು ಬ್ರಷ್, ಕಾಳಿನಷ್ಟು ಪೇಸ್ಟ್, ನೋಡಿಕೊಳ್ಳುವ ಒಬ್ಬರು ದೊಡ್ಡವರು.

ನಮ್ಮ ಅಂಗನವಾಡಿಗಳಲ್ಲಿ ಊಟಕ್ಕೆ ಮೊದಲು ಕೈ ತೊಳೆಸುವ ಅಭ್ಯಾಸ ಇದೆ. ಅದರ ಜೊತೆ ಹಲ್ಲುಜ್ಜಿಸುವುದನ್ನೂ ಸೇರಿಸಲು ಊರಿನವರು ಕೇಳಬಹುದು. ಅದು ಆಗುವವರೆಗೆ ನಿಮ್ಮ ಮನೆಯ ಬಚ್ಚಲೇ ಸಾಕು.

ಈ ಬರಹವನ್ನು ಗ್ರೂಪಿಗೆ ಕಳಿಸುವುದಾದರೆ ಜೊತೆಗೆ ಈ ನಾಲ್ಕು ಸಾಲು ಸೇರಿಸಿ: ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಬೇಕು. ಮೂರರವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್. ರಾತ್ರಿ ಉಜ್ಜಿದ ಮೇಲೆ ನೀರು ಮಾತ್ರ. ಎಂಟು ವರ್ಷದವರೆಗೆ ಬ್ರಷ್ ಮಗುವಿನದ್ದು, ಕೈ ನಿಮ್ಮದು.

ಕಳಿಸಿದ ಮೇಲೆ ಮೊಬೈಲ್ ಕೆಳಗಿಟ್ಟು, ಮಲಗುವ ಮೊದಲು ಮಗುವಿನ ತುಟಿ ಎತ್ತಿ ಒಮ್ಮೆ ನೋಡಿ.